‘ರಿಪ್ಲೈ 1988’ ನೋಡುವವರ ಗಮನಕ್ಕೆ

ಗೆಳೆಯರೇ, ನಾವು ಮುಂದೆ ಒಟ್ಟಿಗೆ ನೋಡುವುದು ಕೊರಿಯಾದ ಧಾರಾವಾಹಿ ‘ರಿಪ್ಲೈ 1988’. ಒಟ್ಟು 20 ಕಂತು. ಒಂದೊಂದೂ ಸಿನಿಮಾದಷ್ಟು ಉದ್ದ, ಹಾಗಾಗಿ ವಾರಕ್ಕೆ ಎರಡೇ ಸಾಕು.

ಸೋಲ್ ನಗರದ ಒಂದು ಓಣಿ, ಅಲ್ಲೇ ಬೆಳೆದ ಐವರು ಸ್ನೇಹಿತರು. ಮೊದಲ ಕಂತಲ್ಲಿ ಒಂದು ಮನೆಯ ಅಡುಗೆ ಇನ್ನೊಂದು ಮನೆಗೆ ಹೋಗುವ ದೃಶ್ಯವಿದೆ, ತಪ್ಪಿಸಬೇಡಿ. ತಟ್ಟೆ ಹಿಡಿದು ಓಡಾಡುವುದು ಮಕ್ಕಳ ಪಾಲಿಗೆ! ಆ ಐವರಲ್ಲಿ ಒಬ್ಬಳಾದ ದೊಕ್‌ಸುನ್ 1988ರ ಒಲಿಂಪಿಕ್ಸ್‌ನಲ್ಲಿ ಮಡಗಾಸ್ಕರ್ ತಂಡದ ಫಲಕ ಹಿಡಿಯಲು ಎಷ್ಟೊಂದು ತಯಾರಿ ಮಾಡ್ತಾಳೆ. ಆ ದೇಶ ಬರುವುದೇ ಇಲ್ಲ. ಅದು ನಿಜವಾಗಿ ನಡೆದದ್ದು. ಮನೆಯಲ್ಲಿ ಅವಳ ಹುಟ್ಟುಹಬ್ಬಕ್ಕೂ ಅಕ್ಕನ ಕೇಕೇ, ನಡುವಿನವಳಾದ ಅವಳು ಅತ್ತೇ ಬಿಡ್ತಾಳೆ. ನಡುವಿನ ಮಕ್ಕಳಿಗೆ ಆ ಅಳು ಚೆನ್ನಾಗಿ ಅರ್ಥವಾಗುತ್ತದೆ, ಅಲ್ವಾ?

ಒಂದೇ ಕೋರಿಕೆ: ದೊಕ್‌ಸುನ್ ಮದುವೆಯಾಗುವುದು ಯಾರನ್ನು ಅಂತ ಈಗಾಗಲೇ ನೋಡಿದವರು ದಯವಿಟ್ಟು ಇಲ್ಲಿ ಬರೆಯಬೇಡಿ. ಭಾನುವಾರ ಸಂಜೆ ಮೊದಲೆರಡು ಕಂತಿನ ಬಗ್ಗೆ ಮಾತಾಡೋಣ.