ಸೋಫಾ ಒಳಗೆ ತೆಂಗಿನ ನಾರು ಸಿಕ್ತು ಅಪ್ಪಾ

ಲೀಡ್ಸ್, ಭಾನುವಾರ

ಅಪ್ಪಾ, ನಮಸ್ಕಾರ. ನಾವೆಲ್ಲಾ ಚೆನ್ನಾಗಿದೀವಿ. ಅಮ್ಮನ ಮಂಡಿ ನೋವು ಈಗ ಹೇಗಿದೆ? ಅಮ್ಮನ್ನ ಕೇಳಿದ್ರೆ ಏನಿಲ್ಲ ಬಿಡು ಅಂತಾರೆ, ಅದಕ್ಕೆ ನಿಮ್ಮನ್ನ ಕೇಳ್ತಿದೀನಿ, ಇದ್ದಿದ್ದು ಇದ್ದಂಗೆ ಹೇಳಿ.

ಹೋದ ವಾರ ಸೋಫಾ ವಿಷಯ ಅರ್ಧಕ್ಕೇ ನಿಂತೋಯ್ತಲ್ಲ, ಅದನ್ನ ಬರೆದೇ ಹೇಳೋಣ ಅಂತ ಕೂತೆ. ಪಕ್ಕದ ಮನೆ ಅಜ್ಜಿ ಮಗಳ ಊರಿಗೆ ಹೋಗುವಾಗ ನಮಗೆ ಕೊಟ್ಟಿದ್ದು ಅದು, ಅವರಪ್ಪ ಅಮ್ಮ ಮದುವೆ ಆದಾಗ ತಗೊಂಡಿದ್ದಂತೆ, 1930ರ ಸುಮಾರಿಂದು. ಬಟ್ಟೆ ಎಲ್ಲಾ ಪಿಸಿದು ಹೋಗಿದೆ, ನಡುವೆ ಕೂತ್ರೆ ಹಳ್ಳಕ್ಕೆ ಇಳಿದಂಗೆ, ಮೊನ್ನೆ ಒಂದು ಸ್ಪ್ರಿಂಗು ಮಗು ತೊಡೆಗೆ ಚುಚ್ಚಿ ಗೀರಾಯ್ತು. ಅವತ್ತೇ ಇವರು ಸಾಕು ಇದನ್ನ ಕಳಿಸಿ ಹೊಸದು ತರೋಣ ಅಂದ್ರು. ಅವರು ಹೇಳೋದೂ ಸರಿನೇ, 700 ಪೌಂಡಿಗೆ ಒಳ್ಳೆ ಹೊಸ ಸೋಫಾ ಬರುತ್ತೆ, ಇದನ್ನ ರಿಪೇರಿ ಮಾಡ್ಸೋಕೆ ಬಟ್ಟೆ ಕೂಲಿ ಎಲ್ಲಾ ಸೇರಿ 1,400 ಕೇಳ್ತಿದಾರೆ, ಡಬಲ್ಲು.

ಆದ್ರೆ ಕಳಿಸೋದೂ ಸುಲಭ ಇಲ್ಲ. ದಾನ ಕೊಟ್ಟ ಹಳೆ ಸಾಮಾನು ಮಾರೋ ಎರಡು ಚಾರಿಟಿ ಅಂಗಡಿಲಿ ಕೇಳ್ದೆ, ಬೆಂಕಿ ಸುರಕ್ಷತೆ ಚೀಟಿ ಹೊಲಿದಿಲ್ಲ ಅಂತ ಬೇಡ ಅಂದ್ರು. 1979ರಲ್ಲಿ ಮ್ಯಾಂಚೆಸ್ಟರಿನ ಒಂದು ದೊಡ್ಡ ಅಂಗಡಿಲಿ ಸೋಫಾ ಸ್ಪಂಜಿಗೆ ಬೆಂಕಿ ಹತ್ತಿ 10 ಜನ ಸತ್ತಿದ್ರು, ಆಮೇಲೆ 1988ರಲ್ಲಿ ಗಟ್ಟಿ ಕಾನೂನೇ ಬಂತು. ಬಿಸಾಕಿದ್ರೆ ಸುಡೋಕೇ ಹೋಗುತ್ತೆ, ಬೆಂಕಿ ತಡೆಯೋಕೆ ಅಂತ ಸೋಫಾಗೆ ಹಾಕೋ ಕೆಮಿಕಲ್ಲು ಮಣ್ಣು ಸೇರುತ್ತೆ ಅಂತ 2023ರಿಂದ ಇಂಗ್ಲೆಂಡಲ್ಲಿ ಹಳೆ ಸೋಫಾನ ಹೂಳೋ ಹಾಗಿಲ್ಲ.

ಕೊನೆಗೆ ರಿಪೇರಿಯವರನ್ನ ಮನೆಗೇ ಕರೆಸಿದೆ. ಅರವತ್ತು ದಾಟಿದ ಯಜಮಾನರು, ಬಂದವರೇ ಬಟ್ಟೆ ಕಡೆ ನೋಡ್ಲೇ ಇಲ್ಲ, ಮುಂದಿನ ಒಂದು ಕಾಲನ್ನ ಗೇಣುದ್ದ ಎತ್ತಿದ್ರು, ಇನ್ನೊಂದು ಮುಂಗಾಲೂ ಜೊತೆಗೇ ಎದ್ದಿದ್ದು ನೋಡಿ ಮರ ಗಟ್ಟಿ ಇದೆ ಅಂದ್ರು. ಬಗ್ಗಿ ಎತ್ತಿ ಎಲ್ಲಾ ನೋಡಿದ್ರು, ಬೀಚ್ ಮರ, ಹುಳ ಹೊಡೆದಿಲ್ಲ, ಜಾಯಿಂಟು ಬಿಟ್ಟಿಲ್ಲ. ಮೇಲೆ ಕೆಳಗೆ ನೋಡಿ ಆದ್ಮೇಲೆ ಅಡಿಯ ಗೋಣಿತಟ್ಟು ಸ್ವಲ್ಪ ಬಿಚ್ಚಿ ತೋರಿಸಿದ್ರು, ಸೆಣಬಿನ ನವಾರು ಜೋತುಬಿದ್ದಿದೆ ಅದಕ್ಕೇ ಸ್ಪ್ರಿಂಗು ಓರೆ ಆಗಿದೆ, ಮುರಿದಿರೋದು ಎರಡೇ. ಆಮೇಲೆ ಕೈ ಒಳಗೆ ಹಾಕಿ ಒಂದು ಹಿಡಿ ಎಳೆದು ನನ್ನ ಕೈಗಿಟ್ರು. ತೆಂಗಿನ ನಾರು ಅಪ್ಪಾ! ಅದರ ಮೇಲೆ ಕುದುರೆ ಕೂದಲಿನ ಪದರ, ಕೆಳಗೆ ನಮ್ಮ ನಾರು. ತಿಪಟೂರಿಂದಲ್ಲ ಅಂತ ಗೊತ್ತು, ಆಗ ಇಲ್ಲಿಗೆ ಬರ್ತಿದ್ದುದು ಮಲಬಾರು, ಸಿಲೋನ್ ಕಡೆಯಿಂದ. ಆದ್ರೂ ಮೂಗಿಗೆ ಹಿಡಿದ್ರೆ ಧೂಳಿನ ಜೊತೆ ನಮ್ಮ ಅಟ್ಟದ ವಾಸನೆ ಬಂತು, ನೀವು ಕೊಬ್ಬರಿಗೆ ಅಂತ ಕಾಯಿ ಹತ್ತು ತಿಂಗಳು ಅಟ್ಟದಲ್ಲಿ ಇಡ್ತಿದ್ರಲ್ಲ, ಸುಲಿಯೋ ದಿನ ಅಂಗಳದ ತುಂಬ ಮಟ್ಟೆ ರಾಶಿ ಬೀಳ್ತಿತ್ತಲ್ಲ, ಅದೇ. ಆ ಮನುಷ್ಯ ಈ ನಾರು ಎಂಬತ್ತು ತೊಂಬತ್ತು ವರ್ಷ ತೂಕ ಹೊತ್ತಿದೆ, ಇನ್ನೂ ಸ್ವಲ್ಪ ಕೊಡವಿ ಬಿಡಿಸಿದ್ರೆ ಅದನ್ನೇ ಮತ್ತೆ ತುಂಬಬಹುದು, ಬರೀ ಸ್ಪಂಜಾದ್ರೆ ಹತ್ತು ವರ್ಷಕ್ಕೆ ಚಪ್ಪಟೆ ಆಗುತ್ತೆ ಅಂದ್ರು.

ಅಲ್ಲಿಗೆ ನನ್ನ ಮನಸ್ಸು ನಿರ್ಧಾರ ಮಾಡ್ಬಿಡ್ತು. ಇವರೂ ಆ ಹಿಡಿ ನಾರು ನೋಡಿ ಸುಮ್ನಾದ್ರು, ರಾತ್ರಿ ಲೆಕ್ಕ ಹಾಕಿ ಈ ಸಲ ಬೇಸಿಗೆ ಟ್ರಿಪ್ಪು ಬಿಡೋಣ, ಸೋಫಾ ಮಾಡ್ಸೋಣ ಅಂತ ಅವರೇ ಅಂದ್ರು. ಕೆಲಸ ಆರು ವಾರ ಹಿಡಿಯುತ್ತಂತೆ, ಬಟ್ಟೆ 12 ಮೀಟರ್ ಬೇಕು.

ಅಮ್ಮ ಇಳಕಲ್ ಬಟ್ಟೆ ಕಳಿಸ್ತೀನಿ ಅಂದಿದ್ರು, ಸೋಫಾಗೆ ಬೇಡ ಅಂತ ಹೇಳಿ, ದಿನಾ ಉಜ್ಜೋದಕ್ಕೆ ದಪ್ಪ ನೇಯ್ಗೆನೇ ಬೇಕು, ಇಲ್ಲಿ ಕಡು ಹಸಿರು ಉಣ್ಣೆ ಬಟ್ಟೆ ನೋಡಿದೀನಿ. ಗುಳೇದಗುಡ್ಡದ ಖಣ ಸಿಕ್ಕಿದ್ರೆ ಮಾತ್ರ ಕಳಿಸ್ಲಿ, 18 ಇಂಚಿನ ಎರಡು ದಿಂಬಿಗೆ ಆಗುವಷ್ಟು. ನೀವು ಬರುವಾಗ ಬ್ಯಾಗಲ್ಲಿ ಹಾಕ್ಕೊಂಡು ಬಂದ್ರೂ ಸಾಕು, ಆಗ ಸೋಫಾನೂ ವಾಪಸ್ ಬಂದಿರುತ್ತೆ, ಕಿಟಕಿ ಪಕ್ಕದ ಜಾಗ ನಿಮಗೇ ಇಟ್ಟಿರ್ತೀನಿ.

ನಿಮ್ಮ ಮಗಳು