ಆಯಿಯ ಮೂತ್ರದ ಪೈಪನ್ನು ಆರು ದಿನ ಯಾಕೆ ಬಿಟ್ಟಿರಿ?

ಆಸ್ಪತ್ರೆಯ ಆಡಳಿತದವರಿಗೆ,

ಶಿರಸಿ ಹತ್ತಿರದ ಹಳ್ಳಿಯಿಂದ ಬರೆಯುತ್ತಿದ್ದೇನೆ. ಜುಲೈ ಮಳೆಯಲ್ಲಿ ಅಂಗಳಕ್ಕೆ ಹಾಸಿದ್ದ ಅಡಿಕೆ ಮರದ ದಬ್ಬೆ ಮೇಲೆ ಜಾರಿ ನಮ್ಮ ಆಯಿಯ ಸೊಂಟದ ಮೂಳೆ ಮುರಿಯಿತು. ನಿಮ್ಮಲ್ಲಿಗೇ ಕರೆತಂದೆವು. ಆಪರೇಷನ್ ಚೆನ್ನಾಗಿ ಆಯಿತು, ಅದರ ಬಗ್ಗೆ ದೂರಿಲ್ಲ. ಮರುದಿನವೇ ವಾಕರ್ ಕೊಟ್ಟು ನಿಲ್ಲಿಸಿದಿರಿ.

ಎದ್ದು ನಿಲ್ಲುವವಳಿಗೆ ಮೂತ್ರದ ಪೈಪ್ ಯಾಕೆ ಬೇಕು? ಮೂರನೇ ದಿನ ಸಿಸ್ಟರನ್ನು ಕೇಳಿದೆ. ಡಾಕ್ಟರ್ ಹೇಳಬೇಕು ಅಂದರು. ಡಾಕ್ಟರನ್ನು ಕೇಳಿದರೆ ಸಿಸ್ಟರ್ ತೆಗೀತಾರೆ ಅಂದರು. ಹೀಗೇ ಆರು ದಿನ ಹೋಯಿತು. ಪೈಪ್ ಒಳಗಿದ್ದಷ್ಟೂ ದಿನ ಸೋಂಕಿನ ಅಪಾಯ ಏರುತ್ತಾ ಹೋಗುತ್ತದೆ, ಅದಕ್ಕೇ ದಿನಾ ಬೆಳಿಗ್ಗೆ ಇದು ಇವತ್ತೂ ಬೇಕಾ ಎಂದು ನೋಡಬೇಕು. ಇದು ನಿಮಗೆ ನಾನು ಹೇಳಿಕೊಡುವ ವಿಷಯ ಅಲ್ಲ, ಅಲ್ವಾ?

ಎಕ್ಸ್‌ರೇಗೆ ಒಯ್ಯುವಾಗ ಮೂತ್ರದ ಬ್ಯಾಗನ್ನು ಆಯಿಯ ಹೊಟ್ಟೆ ಮೇಲೆ ಇಟ್ಟರು. ಪೈಪಿನಲ್ಲಿದ್ದ ಹಳದಿ ನೀರು ವಾಪಸ್ ಒಳಗೆ ಹೋಗಿದ್ದನ್ನು ನಾನೇ ನೋಡಿದೆ. ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೆ ಇರಬೇಕು, ನೆಲಕ್ಕೂ ತಾಗಬಾರದು. ವಾರ್ಡಿನಲ್ಲಿ ಅದು ನೆಲದ ಮೇಲೇ ಬಿದ್ದಿರುತ್ತಿತ್ತು. ಮೂರು ಹಾಸಿಗೆಯ ಬ್ಯಾಗ್ ಖಾಲಿ ಮಾಡಲು ಒಂದೇ ಜಗ್, ಒಂದೇ ಜೊತೆ ಗ್ಲೌಸ್. ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರ್ ಬಾಟಲಿ ಹಾಸಿಗೆಯ ಬುಡದಲ್ಲೇ ತೂಗುತ್ತಿತ್ತು. ಒತ್ತಿದರೆ ಬರೀ ಗಾಳಿ. ನಾಲ್ಕು ದಿನ ಒತ್ತಿ ನೋಡಿದ್ದೇನೆ.

ಸಿಸ್ಟರನ್ನು ಬೈಯುತ್ತಿಲ್ಲ. ರಾತ್ರಿ ಹದಿನೆಂಟು ಹಾಸಿಗೆಗೆ ಒಬ್ಬರೇ ಇರುತ್ತಿದ್ದರು, ಪಾಪ, ಕೂತಿದ್ದೇ ನೋಡಲಿಲ್ಲ. ಸ್ಯಾನಿಟೈಸರ್ ಹಚ್ಚಿ ಕೈ ಉಜ್ಜಲು 20ರಿಂದ 30 ಸೆಕೆಂಡ್ ಸಾಕು, ಆದರೆ ಬಾಟಲಿ ತುಂಬಿಸುವುದು, ಜನ ಇಡುವುದು ನಿಮ್ಮ ಕೆಲಸ.

ಏಳನೇ ರಾತ್ರಿ ಆಯಿಗೆ ಚಳಿ ಹತ್ತಿತು. ಎರಡು ಕಂಬಳಿ ಹೊದೆಸಿದರೂ ಮಂಚ ಅಲುಗಾಡುವಷ್ಟು ನಡುಗಿದಳು. ನನ್ನ ಗುರುತೇ ಹತ್ತಲಿಲ್ಲ ಅವಳಿಗೆ. ಯಾವ ರೋಗಾಣು ಎಂದು ಬೆಳೆಸಿ ನೋಡುವ ಕಲ್ಚರ್ ರಿಪೋರ್ಟಿನಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಎಂದು ಬಂತು, ಸಾದಾ ಆ್ಯಂಟಿಬಯಾಟಿಕ್ ಯಾವುದಕ್ಕೂ ಬಗ್ಗದ್ದು. ಇನ್ನೂ ಒಂಬತ್ತು ದಿನ ಇಂಜೆಕ್ಷನ್, ಅಷ್ಟೂ ದಿನದ ಬಿಲ್ ನಮ್ಮ ತಲೆಗೆ.

ಕೇಳಿದ್ದಕ್ಕೆ ವಯಸ್ಸಾದವರಿಗೆ ಇದೆಲ್ಲ ಮಾಮೂಲು ಅಂದರು. ಅಡ್ಮಿಟ್ ಆದ ದಿನದ ಮೂತ್ರ ಪರೀಕ್ಷೆ ಸ್ವಚ್ಛ ಇತ್ತು, ಕಾಗದ ನನ್ನ ಹತ್ತಿರ ಇದೆ. ಸೇರಿ 48 ಗಂಟೆ ಕಳೆದ ಮೇಲೆ ಶುರುವಾದ ಸೋಂಕನ್ನು ಆಸ್ಪತ್ರೆಯಲ್ಲೇ ಅಂಟಿದ್ದು ಎಂದೇ ಲೆಕ್ಕ ಹಿಡಿಯುತ್ತಾರೆ. ಇಂಥ ಸೋಂಕುಗಳಲ್ಲಿ ಶೇ. 70ರಷ್ಟನ್ನು ಕೈ ಸ್ವಚ್ಛತೆ ಮತ್ತು ಇಂಥದೇ ಕಡಿಮೆ ಖರ್ಚಿನ ಕ್ರಮಗಳಿಂದ ತಡೆಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಹೇಳಿದೆ. ಮಾಮೂಲು ಅಂತ ಸುಮ್ನೆ ಬಿಡುವ ವಿಷಯವಾ ಇದು?

ಪೈಪ್ ಆರು ದಿನ ಯಾರ ಮಾತಿನ ಮೇಲೆ ಉಳಿಯಿತು, ಕೇಸ್ ಶೀಟಿನಲ್ಲಿ ಏನು ಬರೆದಿದೆ, ಪ್ರತಿ ಕೊಡಿ. ಆ ಒಂಬತ್ತು ದಿನದ ಹಣ ವಾಪಸ್ ಮಾಡಿ. ಪ್ರತಿ ರೋಗಿಗೂ ಬೇರೆ ಜಗ್ ಇಡಿ, ಬಾಟಲಿ ತುಂಬಿಸಿ, ಇದನ್ನು ಇವತ್ತೇ ಮಾಡಬಹುದು. ಆಗಸ್ಟ್ ಕೊನೆಗೆ ಆಯಿಯನ್ನು ಮತ್ತೆ ಎಕ್ಸ್‌ರೇಗೆ ನಿಮ್ಮಲ್ಲಿಗೇ ಕರೆತರಬೇಕು. ಅದರೊಳಗೆ ಬರವಣಿಗೆಯಲ್ಲಿ ಉತ್ತರ ಬೇಕು.