ಮ್ಯಾಲಿನ ಖೋಲ್ಯಾಗ ಮಲಗಬ್ಯಾಡ್ರಿ ಅವ್ವಾ

ಅವ್ವಾ,

ನಾ ಆರಾಮ ಅದೀನಿ. ಪ್ಯಾರಿಸ್‌ನ್ಯಾಗ ಏಪ್ರಿಲ್ ಬಂದ್ರೂ ಇನ್ನಾ ಸ್ವೆಟರ್ ಬಿಟ್ಟಿಲ್ಲ. ನಮ್ಮೂರಾಗ ಸರಕಾರಿ ಆಫೀಸ್ ಮುಂಜಾನೆ ಎಂಟಕ್ಕ ಸುರು ಮಾಡ್ಯಾರಂತ ತಮ್ಮ ಮೆಸೇಜ್ ಹಾಕಿದ್ದ, ಅಂದ್ರ ಬ್ಯಾಸಗಿ ಬಂತು ಅಂತನ ತಿಳಕೊಂಡೆ. ಅಪ್ಪಾಜಿನ್ನ ಕೇಳಿದ್ರ "ವಿಜಾಪುರದಾಗ ಬಿಸಲು ಬೀಳದ ಮತ್ತ ಹಿಮ ಬೀಳತೈತೇನು" ಅಂತ ನಕ್ಕು ಫೋನ್ ನಿನ್ನ ಕೈಗೆ ಕೊಟ್ಟಬಿಟ್ರು.

ಇಲ್ಲೂ ಮೊದಲ ಹಂಗ ನಗತಿದ್ರೇನೋ. 2003ರ ಆಗಸ್ಟ್‌ನ್ಯಾಗ ಫ್ರಾನ್ಸ್ ಒಂದರಾಗ ಸುಮಾರು 15 ಸಾವಿರ ಮಂದಿ ಬಿಸಲಿಗೆ ಸತ್ರು, ಭಾಳ ಮಂದಿ ವಯಸ್ಸಾದವ್ರು, ರಾತ್ರಿನೂ ಸೆಕಿ ಇಳೀಲಿಲ್ಲ, ಮೈ ಸುಧಾರಸ್ಕೊಳ್ಳಾಕ ಹೊತ್ತ ಸಿಗಲಿಲ್ಲ. ಇಲ್ಲಿ ಮನಿ ಮ್ಯಾಲ ಜಿಂಕ್ ತಗಡು ಹೊಚ್ಚಿರ್ತಾರ, ಅದರ ಕೆಳಗಿನ ಖೋಲ್ಯಾಗ ನಾನೂ ಇದ್ದೆ, ಜುಲೈದಾಗ ರಾತ್ರಿ ಹನ್ನೊಂದಕ್ಕ ಗ್ವಾಡಿಗೆ ಕೈ ಹಚ್ಚಿದ್ರ ರೊಟ್ಟಿ ಹಂಚಿನಂಗ ಕಾದಿರತಿತ್ತು. 2019ರ ಜುಲೈ 25ಕ್ಕ ಇಲ್ಲಿ 42.6 ಡಿಗ್ರಿ ಆಗಿತ್ತು, ನಮ್ಮೂರ ಮೇ ತಿಂಗಳಿಗಿಂತ ಏನ ಕಮ್ಮಿ! ಈಗ ಮುನ್ಸಿಪಾಲ್ಟಿಯವ್ರು ವಯಸ್ಸಾದವ್ರ ಹೆಸರ ಬರಕೊಂಡು, ಬಿಸಲು ಜೋರಾದ್ರ ಫೋನ್ ಮಾಡಿ ವಿಚಾರಿಸ್ತಾರ. ನಮಗ ಲಿಸ್ಟ್ ಯಾಕ, ಓಣಿ ಐತಿ, ಆದ್ರ ಬಾಜೂ ಮನಿ ಆಯಿ ಒಬ್ಬಾಕಿನ ಇರ್ತಾಳ, ಮಧ್ಯಾಹ್ನ ಒಮ್ಮೆ ಮಾತಾಡಿಸಿ ಬಾ.

ನಾ ಹೇಳೂದು ಇಷ್ಟ, ಮ್ಯಾಲಿನ ಆ ಹೊಸಾ ಆರ್‌ಸಿಸಿ ಖೋಲಿ ಬ್ಯಾಸಗಿಗೆ ಬ್ಯಾಡ. ಸ್ಲ್ಯಾಬ್ ದಿನಾ ಪೂರ್ತಿ ಕಾದು ರಾತ್ರಿಯೆಲ್ಲಾ ಆ ಕಾವು ಒಳಗ ಬಿಡತೈತಿ, ಫ್ಯಾನ್ ಅದ ಬಿಸಿ ಗಾಳಿನ ತಿರಗಸ್ತೈತಿ, ಖೋಲಿ 40 ದಾಟಿದ್ರಂತೂ ಫ್ಯಾನಿನಿಂದ ಮೈ ಇನ್ನಾ ಕಾಯ್ತೈತಿ. ಕೆಳಗ ಅಜ್ಜನ ಕಾಲದ ಪಡಸಾಲಿ, ಎರಡ ಮೊಳದ ಮಣ್ಣಿನ ಗ್ವಾಡಿ, ಅಲ್ಲೇ ಮಲಗ್ರಿ. ಕಿಡಕಿ ಮುಂಜಾನೆನ ಮುಚ್ಚಿ ಹೊತ್ತ ಮುಳುಗಿದ ಮ್ಯಾಲ ತಗೀರಿ, ಇಲ್ಲಿಯವ್ರು ಈಗ ಅದನ್ನ ಟಿವಿಯಾಗ ಹೇಳಿಸ್ಕೊಂಡು ಮಾಡ್ತಾರ, ನೀ ಯಾವಾಗಿಂದನೋ ಮಾಡಾಕತ್ತಿ.

ಅಪ್ಪಾಜಿದ ದೊಡ್ಡ ಚಿಂತಿ. ತ್ರೀ ಫೇಸ್ ಕರೆಂಟ್ ಮಧ್ಯಾಹ್ನ ಬಂತಂದ್ರ ಲಿಂಬಿ ಗಿಡಕ್ಕ ನೀರ ಬಿಡಾಕ ಅದ ಹೊತ್ತಿಗೆ ಓಡ್ತಾರ. ತಮ್ಮನ್ನ ಕಳಸು. ಕಿಸೇದಾಗ ಉಳ್ಳಾಗಡ್ಡಿ ಇಟಗೊಂಡ್ರ ಝಳ ತಟ್ಟೂದಿಲ್ಲ ಅಂತಾರಲ್ಲ, ಇಟಗೊಳ್ಳಲಿ ಬಿಡು, ಕೈಯಾಗ ನೀರಿನ ಬಾಟ್ಲಿನೂ ಇರಲಿ. ಬಿಪಿ ಗುಳಿಗಿ ಕೆಲವು ಮೂತ್ರ ಜಾಸ್ತಿ ಮಾಡಿಸ್ತಾವ, ಡಾಕ್ಟರಿಗೆ ಒಮ್ಮೆ ಕೇಳ್ರಿ, ತಾವಾಗೇ ಬಿಡಬ್ಯಾಡ್ರಿ. ಮೈ ಸುಡಾಕತ್ತು, ಮಾತು ತೊದಲಿ, ಏನೇನರ ಅನ್ನಾಕತ್ರ 108ಕ್ಕ ಹಚ್ಚಿ, ಗಾಡಿ ಬರೂತನಾ ನೆರಳಾಗ ಮಲಗಿಸಿ ಮೈಮ್ಯಾಲ ತಣ್ಣೀರ ಸುರದು ಗಾಳಿ ಹಾಕ್ರಿ. ಜ್ವರದ ಗುಳಿಗಿ ಅದಕ್ಕ ನಡಿಯೂದಿಲ್ಲ, ಎಚ್ಚರಿಲ್ಲದಾಗ ಬಾಯಾಗ ನೀರೂ ಹಾಕಬ್ಯಾಡ್ರಿ.

ಏಸಿಗೆ ರೊಕ್ಕ ಕಳಸ್ತೀನಿ ಅಂದ್ರ ಅಪ್ಪಾಜಿ ಬ್ಯಾಡ ಅಂತಾರ. ಹೋಗ್ಲಿ, ಈ ಆಯ್ತಾರ ತಮ್ಮಗ ಹೇಳಿ ಸ್ಲ್ಯಾಬ್ ಮ್ಯಾಲ ಎರಡ ಕೋಟ್ ಬಿಳಿ ಸುಣ್ಣರೇ ಹಚ್ಚಿಸು, ಫೋಟೋ ಕಳಸ್ಲಿ, ಏಸಿ ಮಾತು ಆಮ್ಯಾಲ ನಾನ ಅಪ್ಪಾಜಿ ಜೋಡಿ ಜಗಳಾಡ್ತೀನಿ.

ನಿನ್ನ ಮಗ